ಛತ್ತಿಗೆ ತಿರುಗಿಸಿದ ಪ್ರೊಜೆಕ್ಟರ್

ರೀ,

ನಾನು ಅಫಜಲಪುರಕ್ಕೆ ಹೊರಟೆ, ಸಂಜೆ ಬರುತ್ತೇನೆ. ನೀವು ಆರಿಸಿದ್ದ ದೊಡ್ಡ ಪ್ರೊಜೆಕ್ಟರ್ ಬಿಟ್ಟು, ಕತ್ತು ಮೇಲೆತ್ತುವ ಈ ಸಣ್ಣದನ್ನು ತಂದೆನೆಂದು ಇನ್ನೂ ಮುಖ ಊದಿಸಿಕೊಂಡಿರಬೇಡಿ. ಸೊಂಟ ಮುರಿದು ಅಂಗಾತ ಮಲಗಿರುವ ನಿಮ್ಮ ಅವ್ವ ಗೋಡೆ ನೋಡುವುದಾದರೂ ಹೇಗೆ?

ನಿನ್ನೆ ಅವರ ಮಂಚದ ನೇರ ಮೇಲಿನ ಛತ್ತಿಗೆ ಧಾರಾವಾಹಿ ಬಿಟ್ಟೆ. ತಿರುಗುವ ಫ್ಯಾನು ನಾಯಕಿಯ ಮುಖವನ್ನೇ ಕೊಚ್ಚುತ್ತಿತ್ತು. ಬಿದ್ದಾಗಿನಿಂದ ಮಾತು ಬಿಟ್ಟಿದ್ದ ಅತ್ತೆ, "ಫ್ಯಾನ್ ಬಂದ್ ಮಾಡ್ ಬೇ, ಆಕಿ ಅಳೂದು ಕಾಣವಲ್ದು!" ಎಂದು ಗದರಿದರು. ಬೆವರು ಸುರಿದರೂ ನನಗೆ ಹಬ್ಬದಂತಾಯಿತು.

ಆ ಸದ್ದಿಗೆ, ಮೋರಿ ನೀರಿನ ಜಗಳವಾದ ಮೇಲೆ ನಮ್ಮ ಹೊಸ್ತಿಲು ತುಳಿಯದಿದ್ದ ಪಕ್ಕದ ಮನೆಯ ಸಕ್ಕುಬಾಯಿ ಒಳಗೆ ಬಂದರು. ಕುರ್ಚಿಯಲ್ಲಿ ಕೂತು ಮೇಲೆ ನೋಡಿ ನೋಡಿ ಅವರ ಕತ್ತು ಹಿಡಿಯಿತು. "ಹಂಗ್ಯಾಕ ಒದ್ದಾಡ್ತಿ? ಕೆಳಗ ಮಲ್ಕೊಂಡು ನೋಡು" ಎಂದು ಅತ್ತೆ ತಮ್ಮ ದಿಂಬನ್ನೇ ಎಸೆದರು.

ಸಕ್ಕುಬಾಯಿ ಇವತ್ತೂ ಬರುತ್ತಾರಂತೆ. ಹಾಲು ತರಲು ಹೋಗುವ ಮುಂಚೆ ಮಂಚದ ಪಕ್ಕ ಜಮಖಾನಿ ಹಾಸಿಡಿ. ಸ್ಟೂಲಿನ ಮೇಲಿರುವ ಪ್ರೊಜೆಕ್ಟರನ್ನು ಮಾತ್ರ ಮುಟ್ಟಬೇಡಿ, ಚಿತ್ರ ಓರೆಯಾಗುತ್ತದೆ. ತಿರುಗಿ ಬಂದಾಗ ಇಬ್ಬರೂ ಅಂಗಾತ ಬಿದ್ದಿದ್ದರೆ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಬೇಡಿ. ಮುನಿಸು ಬಿಟ್ಟು ನೀವೂ ಪಕ್ಕದಲ್ಲಿ ಮಲಗಿ.

ಅನುರಾಧಾ