ಕುತ್ತಿಗೆ ಪಟ್ಟಿ: ಇಲ್ಲ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಈ ವಾರ ಮೂರು ಸಲ ಫೋನಿನಲ್ಲಿ ನಾಯಿಯ ಮಾತೆತ್ತಿದೆ. ಮೂರು ಸಲವೂ ನಿನ್ನ ಸಿಗ್ನಲ್ ಹೋಯಿತು. ಕಾಗದಕ್ಕೆ ಆ ಕಾಟವಿಲ್ಲ. ಪೂರ್ತಿ ಓದು.

ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ಸಂಜೆ, ಕರೆಂಟಿನ ಮೀಟರ್ ನೋಡಲು ಬರುವವರು ಕುಂಟುತ್ತಾ ಪುರಸಭೆಯ ನಮ್ಮ ಕೌಂಟರಿಗೆ ಬಂದರು. ಅಂಗಡಿಗಳ ಹಿಂದಿನ ಓಣಿಯಲ್ಲಿ ನಾಯಿ ಕಚ್ಚಿತ್ತು. ಮೀನಖಂಡದಲ್ಲಿ ಎರಡು ಹಲ್ಲಿನ ಗುರುತು, ಪ್ಯಾಂಟು ಮೊಣಕಾಲಿನಿಂದ ಕೆಳಗೆ ಸೀಳಿಹೋಗಿತ್ತು. ಅವರನ್ನು ಚುಚ್ಚುಮದ್ದಿಗೆ ಕಳಿಸಿ ನಾನೂ ಬಲೆ ಅಣ್ಣನೂ ಓಣಿಗೆ ಹೋದೆವು. ಬಲೆ ಅಣ್ಣ ಗೊತ್ತಲ್ಲ, ನಮ್ಮ ಆಫೀಸಿನಲ್ಲಿ ನಾಯಿ ಹಿಡಿಯುವವರು. ಇಷ್ಟು ವರ್ಷದಲ್ಲಿ ಬಲೆ ಬೀಸಿದ್ದಕ್ಕಿಂತ ಬಿಸ್ಕತ್ತು ಹಾಕಿದ್ದೇ ಹೆಚ್ಚು. ಅವರು ಓಣಿಯ ಆ ತುದಿಯಿಂದ ಬಂದರು, ನಾನು ಈ ತುದಿಯಿಂದ. ನಾಯಿ ಸಿಕ್ಕಿದ್ದು ನನಗೆ. ಕಂದು ಬಣ್ಣ, ಎಡಗಿವಿ ಮಡಿಚಿಕೊಂಡಿದೆ. ಓಡಲೂ ಇಲ್ಲ, ಗುರ್ ಅನ್ನಲೂ ಇಲ್ಲ, ತಲೆ ತಗ್ಗಿಸಿ ಕೂತಿತ್ತು. ತಂದು ಗೂಡಿಗೆ ಹಾಕಿ ರಿಜಿಸ್ಟರಿನಲ್ಲಿ ಬರೆದೆ: ನೋಂದಣಿ ಬಿಲ್ಲೆ ಇಲ್ಲ, ಕುತ್ತಿಗೆ ಪಟ್ಟಿ ಇಲ್ಲ, ಒಡೆಯರು ಯಾರೋ ಗೊತ್ತಿಲ್ಲ.

ನಿಯಮ ನಿನಗೆ ಬಾಯಿಪಾಠವೇ ಇರಬೇಕು, ಊಟದ ಹೊತ್ತಿನಲ್ಲೆಲ್ಲ ಅದನ್ನೇ ಕೇಳಿ ಬೆಳೆದವಳು. ಕಚ್ಚಿದ ನಾಯಿಯ ಒಡೆಯರು ಏಳು ದಿನದೊಳಗೆ ಬಂದು ತಪ್ಪೊಪ್ಪಿ, ದಂಡ ಕಟ್ಟಿ, ಇನ್ನು ಮುಂದೆ ಹಗ್ಗವಿಲ್ಲದೆ ಬಿಡುವುದಿಲ್ಲ ಎಂದು ಸಹಿ ಹಾಕಬೇಕು. ಯಾರೂ ಬರದಿದ್ದರೆ ಇಂಜೆಕ್ಷನ್ನು. ಆ ಹಾಳೆಗೆ ಸಹಿ ಹಾಕಬೇಕಾದವಳು ನಾನು. ಕಲ್ಲೆದೆಯವಳು ಎಂದು ನೀನು ಎಷ್ಟೋ ಸಲ ಮುಖ ಊದಿಸಿಕೊಂಡಿದ್ದೀಯ. ಆದರೆ ಹಾಲಂಗಡಿಯವರ ಮೊಮ್ಮಗಳ ಕೆನ್ನೆಗೆ ನಾಯಿ ಬಾಯಿ ಹಾಕಿದಾಗ ಏನಾಯಿತು? ಆ ನಾಯಿಗೆ ದಿನವೂ ಊಟ ಹಾಕುತ್ತಿದ್ದ ನಾಲ್ಕು ಮನೆಯವರೂ ನಮ್ಮದಲ್ಲ, ನಮ್ಮದಲ್ಲ ಅಂತ ಕೈ ತೊಳೆದುಕೊಂಡರು. ಊಟ ಹಾಕಿದವರೇ ಒಡೆಯರು ಎಂಬ ಸಾಲನ್ನು ಹಟ ಹಿಡಿದು ನಿಯಮಕ್ಕೆ ಸೇರಿಸಿದವಳು ನಾನು. ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಈಗ ಆ ನಾಯಿಯ ವಿಷಯ ಕೇಳು. ಭಾನುವಾರ ಊಟ ಇಟ್ಟರೆ ಮುಟ್ಟಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡೆ. ಬಲೆ ಅಣ್ಣ ಹಾಗೇ ಸುಮ್ಮನೆ, ತಿನ್ನಪ್ಪ ಅಂದರು; ತಕ್ಷಣ ತಟ್ಟೆ ಖಾಲಿ. ಹೇಳಿದ ಮೇಲೆ ತಿನ್ನುವ ಶಿಸ್ತು! ಹೊರಗೆ ಕರೆದೊಯ್ದರೆ ರಸ್ತೆಯ ಅಂಚಿಗೆ ಬಂದೊಡನೆ ಕೂತುಬಿಡುತ್ತದೆ. ಬಾ ಅನ್ನುವವರೆಗೆ ದಾಟುವುದಿಲ್ಲ. ಇಷ್ಟು ತಾಳ್ಮೆಯಿಂದ ಕಲಿಸಿದವರು ಯಾರು? ಇಷ್ಟೆಲ್ಲ ಕಲಿಸಿದವರಿಗೆ ಬಾಗಿಲ ಚಿಲಕ ಹಾಕುವುದು ಮರೆತುಹೋಯಿತೇ? ಅದಕ್ಕಿಂತ ಹೆಚ್ಚಾಗಿ, ಇಷ್ಟು ಪ್ರೀತಿ ಇದ್ದವರು ಬಂದು ನಮ್ಮದು ಅನ್ನುವುದಕ್ಕೆ ಏನು ಅಡ್ಡಿ?

ಬುಧವಾರ ಮೀಟರಿನವರು ಹೇಳಿಕೆ ಕೊಡಲು ಬಂದರು. ಅದೇ ಪ್ಯಾಂಟು ಹಾಕಿದ್ದರು. ಸೀಳಿದ್ದು ಎಲ್ಲಿ ಎಂದು ಕಣ್ಣಿಟ್ಟು ಹುಡುಕಬೇಕು, ಅಷ್ಟು ನಯವಾದ ಹೊಲಿಗೆ. ಯಾರು ಹೊಲಿದದ್ದು ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡು, ಕಚ್ಚಿದ ದಿನವೇ ನಾಯಿ ಸಾಕಿದೋರು ಮನೆಗೆ ಬಂದು ಕೈ ಹಿಡ್ಕೊಂಡು ಕ್ಷಮೆ ಕೇಳಿದ್ರು, ಪ್ಯಾಂಟೂ ಅವರೇ ಹೊಲಿದುಕೊಟ್ರು, ಹೆಸರು ಮಾತ್ರ ಹೇಳ್ಬೇಡಿ ಅಂದಿದಾರೆ ಮೇಡಂ, ನಾನು ಮಾತು ಕೊಟ್ಬಿಟ್ಟಿದೀನಿ ಅಂದರು. ಮತ್ತೆ ಒತ್ತಾಯಿಸಲು ನನ್ನಿಂದಾಗಲಿಲ್ಲ.

ಮನೆಯ ಕಥೆಯನ್ನೂ ಹೇಳಬೇಕು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಿನ್ನಪ್ಪ ನನ್ನ ಆಫೀಸಿನ ಬಗ್ಗೆ ಒಂದು ಪ್ರಶ್ನೆ ಕೇಳಿದವರಲ್ಲ. ಈ ವಾರ ದಿನಕ್ಕೊಂದು. ಆ ಇಂಜೆಕ್ಷನ್ ನೋವಾಗತ್ತಾ ಅಂದರು. ಗೂಡಿನಲ್ಲಿ ಚಳಿ ಇರತ್ತಾ ಅಂದರು. ಶನಿವಾರ ಕೌಂಟರ್ ಎಷ್ಟು ಗಂಟೆಗೆ ಮುಚ್ಚತ್ತೆ ಅಂದರು. ಐದಕ್ಕೆ ಎಂದೆ. ಮಾರನೆಯ ದಿನ ಯಾರದೋ ಅಂಗಿಗೆ ಎರಡೂ ಎಡಗೈ ತೋಳನ್ನೇ ಹೊಲಿದಿಟ್ಟಿದ್ದರು ನಮ್ಮ ಟೈಲರ್ ಸಾಹೇಬರು.

ಶುಕ್ರವಾರ ನಮ್ಮ ಕೊನೆಯ ಉಪಾಯ ಮಾಡಿದೆವು. ಹಗ್ಗ ಸಡಿಲ ಬಿಟ್ಟು ನಾಯಿಯ ಹಿಂದೆ ಹೋಗುವುದು. ಹತ್ತಕ್ಕೆ ಎಂಟು ಸಲ ಮನೆ ತೋರಿಸಿಬಿಡುತ್ತದೆ. ಅದು ನೆಟ್ಟಗೆ ಅಂಗಡಿಗಳ ಹಿಂದಿನ ಓಣಿಗೆ ತಿರುಗಿತು. ಮೂರನೆಯ ಬಾಗಿಲು ನೀಲಿಯದು. ಅದು ಯಾರ ಅಂಗಡಿಯ ಹಿಂಬಾಗಿಲು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಓಣಿಯ ಬಾಯಲ್ಲೇ ಹಗ್ಗ ಎಳೆದು ನಿಂತುಬಿಟ್ಟೆ. ಯಾಕಕ್ಕಾ ನಿಂತ್ರಿ ಎಂದು ಬಲೆ ಅಣ್ಣ ಕೇಳಿದರು. ಕಾಲುನೋವು ಎಂದೆ. ನಾನು ಹೋಗಿ ಹಿಡಿದರೆ ಅದು ನನ್ನ ಕೆಲಸವಾಯಿತು, ಅಷ್ಟೇ. ಅವರಾಗಿ ಬಂದು ಹೇಳಲಿ ಎಂದು ನನಗೆ ಆಸೆಯಿತ್ತು ಪುಟ್ಟಿ. ಅಂದು ಊಟಕ್ಕೆ ಕೂತಾಗ ನಿನ್ನಪ್ಪ ಎರಡು ಸಲ ಏನೋ ಹೇಳಲು ಬಾಯಿ ತೆರೆದು, ನೀರು ಕುಡಿದರು.

ನಿನ್ನೆ ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಂದರು. ಇಸ್ತ್ರಿ ಮಾಡಿದ ಅಂಗಿ. ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಎಲ್ಲರ ಹಾಗೆ ಕೂತರು. ಅವರ ಚಪ್ಪಲಿ ಸದ್ದು ಕೇಳಿಯೇ ಗೂಡಿನಿಂದ ಕೂಗು ಶುರುವಾಯಿತು. ಸರದಿ ಬಂತು. ನಾನು ಅರ್ಜಿ ಮುಂದಿಟ್ಟುಕೊಂಡು, ನಿಮ್ಮ ಹೆಸರು ಎಂದೆ. ಹೇಳಿದರು. ವಿಳಾಸ ಎಂದೆ. ನಿಮಗೆ ಗೊತ್ತಿರೋದೇ ಅಂದರು, ನನಗೆ ಬಹುವಚನ ಹಚ್ಚಿ! ಬಲೆ ಅಣ್ಣ ಕೆಮ್ಮುತ್ತಾ ಹೊರಗೆ ಹೋದರು. ನಾಯಿಯ ಹೆಸರು ಗುಟ್ಟು ಅಂತೆ. ಲಸಿಕೆಯ ಚೀಟಿಗಳೆಲ್ಲ ಜೇಬಿನಲ್ಲಿದ್ದವು, ಪಕ್ಕದ ಊರಿಗೆ ಕರೆದೊಯ್ದು ಹಾಕಿಸಿದ್ದರಂತೆ. ಆಗದೆ ಉಳಿದದ್ದು ನೋಂದಣಿ ಒಂದೇ. ಏಳು ದಿನ ಯಾಕೆ ಬರಲಿಲ್ಲ ಎಂದು ಕೇಳುವ ಅಂಕಣವೂ ಅರ್ಜಿಯಲ್ಲಿದೆ. ಕೇಳಿದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ, ಈ ಕುರ್ಚಿಯಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಮೊದಲನೇ ದಿನಾನೇ ಬರ್ತಿದ್ದೆ ಅಂದರು.

ಅಂಕಣದಲ್ಲಿ ಏನು ಬರೆಯಲಿ ಹೇಳು? ಸಣ್ಣವಳಿದ್ದಾಗ ನೀನೊಂದು ನಾಯಿಮರಿ ತಂದಿದ್ದೆ. ನಾಯಿ ಹಿಡಿಸುವವಳ ಮನೆಯಲ್ಲೇ ನಾಯಿಯೇ, ಊರೆಲ್ಲ ಬೆರಳು ತೋರಿಸಲ್ಲವೇ ಎಂದು ವಾಪಸು ಬಿಟ್ಟುಬರುವಂತೆ ಮಾಡಿದೆ. ಆಮೇಲೆ ನೀವಿಬ್ಬರೂ ಆ ಮಾತೇ ಎತ್ತಲಿಲ್ಲ, ನಾನು ಗೆದ್ದೆ ಎಂದುಕೊಂಡೆ. ಕಳೆದ ರಜೆಗೆ ಬಂದಾಗ ಗುಟ್ಟುವನ್ನು ತಂದು ಅಪ್ಪನಿಗೆ ಒಪ್ಪಿಸಿಹೋದವಳು ನೀನೇ ತಾನೇ? ಅಪ್ಪ ಬಾಯಿ ಬಿಟ್ಟಿಲ್ಲ, ಒಡೆಯ ತಾನೊಬ್ಬನೇ ಎಂದು ಬರೆದುಕೊಟ್ಟಿದ್ದಾರೆ. ಆದರೆ ಅದು ಎರಡು ಗಿಡ್ಡ, ಒಂದು ಉದ್ದ ಸಿಳ್ಳೆಗೆ ಓಡಿಬರುತ್ತದೆ. ನಿನ್ನನ್ನು ಆಟದ ಬಯಲಿನಿಂದ ಅಪ್ಪ ಕರೆಯುತ್ತಿದ್ದ, ನಿಮ್ಮಿಬ್ಬರದೇ ಸಿಳ್ಳೆ.

ದಂಡ ಹಾಕಿದ್ದೇನೆ, ಒಂದು ಬಿಡಿಗಾಸೂ ಬಿಟ್ಟಿಲ್ಲ. ಹಿಂಬಾಗಿಲಿಗೆ ಹೊಸ ಚಿಲಕ ಬಿದ್ದಿದೆ. ಗುಟ್ಟು ಈಗ ನನ್ನ ಕಾಲ ಬಳಿಯೇ ಮಲಗಿದೆ, ಸದ್ಯಕ್ಕೆ ದಾರದಲ್ಲಿ ಬಿಲ್ಲೆ ಕಟ್ಟಿಕೊಂಡು. ಮುಂದಿನ ಸಲ ಏನೇ ತಂದರೂ ಮೊದಲು ನನಗೆ ಹೇಳು. ಬೈಯುತ್ತೇನೆ, ಆದರೂ ಹೇಳು.

ನಿನ್ನ,
ಅಮ್ಮ

ತಾ.ಕ.: ಹಿಡಿದ ದಿನ ಗುಟ್ಟುವಿನ ಕುತ್ತಿಗೆಯಲ್ಲಿ ಪಟ್ಟಿ ಇತ್ತು. ನನ್ನ ಹಳೆಯ ಯೂನಿಫಾರ್ಮ್ ಕೋಟಿನ ಬಟ್ಟೆ, ಉಜ್ಜದಿರಲಿ ಎಂದು ಒಳಗೆ ಮೆತ್ತನೆಯ ಪದರ, ನನ್ನ ಕಾಲರಿಗೆ ಕೊಡುವ ಹಾಗೆಯೇ ಜೋಡಿ ಹೊಲಿಗೆ. ಬಲೆ ಅಣ್ಣ ಹತ್ತಿರ ಬರುವ ಮೊದಲೇ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡೆ. ಪಟ್ಟಿ ಇಲ್ಲ, ಒಡೆಯರು ಗೊತ್ತಿಲ್ಲ: ಇಷ್ಟು ವರ್ಷದಲ್ಲಿ ರಿಜಿಸ್ಟರಿನಲ್ಲಿ ನಾನು ಬರೆದ ಸುಳ್ಳು ಆ ಎರಡೇ. ನಾಳೆ ತಿದ್ದಿ ಸಹಿ ಹಾಕುತ್ತೇನೆ. ಈಗ ನಿನ್ನಪ್ಪ ಹೊಸ ಪಟ್ಟಿ ಹೊಲಿಯುತ್ತಾ ಕೂತಿದ್ದಾರೆ. ಹಳೇದು ಎಲ್ಲಿ ಬಿದ್ದುಹೋಯ್ತೋ, ನೀನೇನಾದ್ರೂ ನೋಡಿದ್ಯಾ ಎಂದು ಆಗಲೇ ಕೇಳಿದರು. ಇಲ್ಲ ಎಂದುಬಿಟ್ಟೆ. ಅವರಿಗೆ ಹೇಳಲು ನನಗೂ ಭಯವಾಯಿತು.