ನೊಎಮಿ ಪ್ರಶ್ನೆ ಕೇಳಿದ ದಿನ

ಫೆಬ್ರವರಿ ೧೦, ಮಂಗಳವಾರ. ಮಾರ್ಕಾಲಾ.

ಮೂರನೇ ತರಗತಿಗೆ ಶಾಲೆ ಬಿಟ್ಟವನಿಗೆ ಈ ವಯಸ್ಸಿನಲ್ಲಿ ಬರೆಯುವ ಶಿಕ್ಷೆ. ನಮ್ಮ ಕಾಫಿ ಸಂಘದ ಗೋದಾಮಿಗೆ ತಂದ, ಟ್ಯಾಬ್‌ನಲ್ಲಿ ಚೀಲ ದಾಖಲಿಸುವ ಹೊಸ ಸಾಫ್ಟ್‌ವೇರನ್ನು ಆಳುಗಳು ಯಾಕೆ ಮುಟ್ಟುತ್ತಿಲ್ಲ, ಕಾರಣ ಬರೆದುಕೊಡಿ ಎಂದು ಮ್ಯಾನೇಜರ್ ರೊಲಾಂಡೊ ಹಾಳೆ ಕೊಟ್ಟು ಹೋಗಿದ್ದಾನೆ.

ಕಾರಣ ನಾನೇ. ನಮಗೆಲ್ಲ ಅದನ್ನು ಕಲಿಸಿಕೊಟ್ಟ ದಿನ ನಮ್ಮ ಜೊತೆ ಕೆಲಸ ಮಾಡುವ ಹುಡುಗಿ ನೊಎಮಿ ಎದ್ದು ನಿಂತು, ಎರಡು ತೋಟದ ಚೀಲ ಒಂದೇ ಗಾಡಿಯಲ್ಲಿ ಬಂದರೆ ಹೇಗೆ ದಾಖಲಿಸುವುದು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಕಾಳು ಒಣಗಿದೆಯಾ ಅಂತ ಕಚ್ಚಿ ನೋಡೋಕೆ ನಿನ್ನ ಟ್ಯಾಬ್‌ಗೆ ಹಲ್ಲಿದೆಯೇನಮ್ಮಾ?" ಎಂದೆ.

ಹನ್ನೊಂದು ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರ್‍ಯಾರೂ ಅದನ್ನು ಮುಟ್ಟಲಿಲ್ಲ. ನಲವತ್ತು ವರ್ಷದಿಂದ ಕಾಳು ಕಚ್ಚಿ ನಾನು ಹೇಳಿದ್ದೇ ಅಲ್ಲಿ ಕೊನೆಯ ಮಾತು. ಸುಗ್ಗಿಯುದ್ದಕ್ಕೂ ಎಲ್ಲರ ಚೀಲಗಳನ್ನೂ ಅವಳೊಬ್ಬಳೇ ದಾಖಲಿಸಿದಳು. ಇವತ್ತು ಕೆಲಸ ಬಿಟ್ಟಳು.

"ನನ್ನ ಮೇಲೆ ಕೋಪಾನೇನೆ?" ಎಂದು ಬಾಗಿಲಲ್ಲಿ ಕೇಳಿದೆ.

"ನೀವು ಒಂದ್ಸಲ ಟ್ಯಾಬ್ ಮೇಲೆ ಬೆರಳಿಟ್ಟಿದ್ರೆ ಸಾಕಿತ್ತು, ದೋನ್ ತಿಬು. ಉಳಿದವ್ರೂ ಇಡ್ತಿದ್ರು. ನಿಮಗೆ ಅಷ್ಟೂ ಆಗ್ಲಿಲ್ಲ."

ಸಿಟ್ಟಿನಲ್ಲೂ ದೋನ್ ಎಂಬ ಮರ್ಯಾದೆ ಬಿಡಲಿಲ್ಲ ಅವಳು. ಹೆದರಿದ್ದೆ ಎಂದು ಅವಳಿಗೆ ಹೇಳಲಾಗಲಿಲ್ಲ. ಆ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಓದುವುದನ್ನು ಅಷ್ಟು ಜನ ನೋಡುತ್ತಾರಲ್ಲ. ಅದೊಂದಕ್ಕೆ ಅವಳನ್ನು ನಗೆಪಾಟಲು ಮಾಡಿದೆ. ಥೂ.

ರೊಲಾಂಡೊನ ಹಾಳೆಯಲ್ಲಿ ಇಷ್ಟೇ ಬರೆಯುತ್ತೇನೆ. ತಪ್ಪು ನನ್ನದು. ನೊಎಮಿಯನ್ನು ವಾಪಸ್ ಕರೆಸು. ಎಲ್ಲರೆದುರು ಮೊದಲು ನಾನೇ ಅವಳ ಹತ್ತಿರ ಕಲಿಯುತ್ತೇನೆ. ಕರೆಸುತ್ತೀಯೋ ಇಲ್ಲವೋ, ಹದಿಮೂರನೇ ತಾರೀಕು ಶುಕ್ರವಾರದೊಳಗೆ ಹೇಳು.