ಕಿರುಬಾಗಿಲು ತಟ್ಟಿದವರು ಯಾರು?

ಮೂಡಲಗುಳಿ,
ಫೆಬ್ರವರಿ ನಲವತ್ತೊಂದು, ಎರಡು ಸಾವಿರದ ಮುನ್ನೂರ ತೊಂಬತ್ತು

‘ಕಿರುಬಾಗಿಲ ಮನೆ’ ಧಾರಾವಾಹಿಯನ್ನು ಬರೆದವರಿಗೆ, ತೆಗೆದವರಿಗೆ, ಮುಖ್ಯವಾಗಿ ಅದನ್ನು ನಡುವೆ ನಿಲ್ಲಿಸಿದವರಿಗೆ,

ಹುಲಿಗೆವ್ವನ ನಮಸ್ಕಾರ. ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಏಪ್ರಿಲ್ ಇಲ್ಲ, ಮೇ ಇಲ್ಲ. ಆ ಎರಡು ತಿಂಗಳಲ್ಲಿ ಹೊರಗೆ ಕಾಲಿಟ್ಟವರು ಬದುಕಿ ಬರುವುದು ಕಷ್ಟವಾದ್ದರಿಂದ ನಮ್ಮ ಹಿರಿಯರು ಅವುಗಳ ಹೆಸರನ್ನೇ ಪಂಚಾಂಗದಿಂದ ಕಿತ್ತು, ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿಬಿಟ್ಟರು. ಪಾಪ, ಫೆಬ್ರವರಿ ಚಿಕ್ಕದೆಂದು ಅದಕ್ಕೆ ಸ್ವಲ್ಪ ಹೆಚ್ಚೇ ಕೊಟ್ಟರು. ಹೆಸರು ತೆಗೆದರೆ ಸೆಖೆಯೂ ಹೋದೀತು ಎಂಬ ಆಸೆ ಅವರಿಗೆ. ಹೋಗಲಿಲ್ಲ. ನನ್ನ ಮಾತಿನಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು. ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ.

ನಾವು ಗುಳಿಗಳಲ್ಲಿ ಇರುವವರು. ಕೊಪ್ಪಳ ಮತ್ತು ಗಂಗಾವತಿಯ ನಡುವಿನ ಗುಡ್ಡಗಳನ್ನು ನೀವು ಕಲ್ಲಿಗಾಗಿ ಕೊರೆದು ಕೊರೆದು ದೊಡ್ಡ ಹೊಂಡಗಳನ್ನು ಬಿಟ್ಟು ಹೋದಿರಲ್ಲ, ಅವೇ ಈಗ ನಮ್ಮ ಊರುಗಳು. ತಳದಲ್ಲಿ ನೆರಳಿದೆ, ಬದಿಯಲ್ಲಿ ಒಂದಿಷ್ಟು ನೀರಿದೆ, ಬಂಡೆಯನ್ನು ಇನ್ನಷ್ಟು ಕೊರೆದು ಮನೆ ಮಾಡಿಕೊಂಡಿದ್ದೇವೆ. ನಮ್ಮದು ಮೂಡಲಗುಳಿ. ಒಂದು ದಿಣ್ಣೆ ದಾಟಿದರೆ ಪಡುವಲಗುಳಿ. ನೀವು ಯಂತ್ರ ಹಚ್ಚಿ ಕೊಯ್ದ ಬಂಡೆಯ ಮೈ ಎಷ್ಟು ಎತ್ತರ, ಎಷ್ಟು ನುಣುಪು! ಅದರ ಮೇಲೆ ಸಂಜೆ ಹೊತ್ತು ನಿಮ್ಮ ಕಾಲದ ಧಾರಾವಾಹಿಗಳನ್ನು ಬಿಟ್ಟುಕೊಂಡು ನೋಡುತ್ತೇವೆ. ನಿಮ್ಮ ನಟಿಯರ ಮೂಗುತಿ ನಮ್ಮಲ್ಲಿ ಬಂಡಿಗಾಲಿಯಷ್ಟು ದೊಡ್ಡದು. ಅವರು ಅತ್ತರೆ ಕಣ್ಣೀರು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿನವರೆಗೆ ಇಳಿಯುತ್ತದೆ. ಹೊಸದಾಗಿ ಧಾರಾವಾಹಿ ಮಾಡುವ ಶಕ್ತಿ ನಮಗಿಲ್ಲ. ನೀವು ಬಿಟ್ಟುಹೋದದ್ದರಲ್ಲೇ ನಮ್ಮ ಸಂಸಾರ.

ಈ ಬಂಡೆಯನ್ನು ನೋಡಿಕೊಳ್ಳುವವಳನ್ನು ಗೋಡೆಯವಳು ಎನ್ನುತ್ತಾರೆ. ನಮ್ಮ ಗುಳಿಗೆ ನಾನೇ ಗೋಡೆಯವಳು. ಒಂದು ಕತೆ ಮುಗಿದಾಗ ಬಂಡೆಯನ್ನು ತೊಳೆದು ಕೆಲವು ದಿನ ಬರಿದಾಗಿ ಬಿಡಬೇಕು. ಇದಕ್ಕೆ ಬರಿಗೋಡೆ ಎಂದು ಹೆಸರು. ಆ ದಿನಗಳಲ್ಲಿ ಜನ ಎಂದಿನ ಹೊತ್ತಿಗೆ ಬಂದು, ಎಂದಿನ ಜಾಗದಲ್ಲಿ ಕೂತು, ಏನೂ ಇಲ್ಲದ ಕಲ್ಲು ನೋಡಿ, ಮುಗಿದ ಕತೆಯ ಮಾತನ್ನೇ ಆಡಿ ಏಳುತ್ತಾರೆ. ಆಮೇಲೆ ಹೊಸ ಕತೆ ಹುಡುಕುವುದು. ಗೋಡೆಯವಳು ಆ ಕತೆಯ ಕೊನೆಯನ್ನು ಒಬ್ಬಳೇ ನೋಡಿ, ಅದಕ್ಕೊಂದು ತುದಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬಾಯಿ ಮುಚ್ಚಿಕೊಂಡಿರಬೇಕು. ಬೇರೆ ಗುಳಿಯವರು ಕತೆ ಕೇಳಿ ಬಂದರೆ ಮೊದಲು ‘ತುದಿ ಐತೇನು?’ ಎಂದು ಕೇಳಬೇಕು. ‘ಕಂಡೀನಿ’ ಎಂದು ಇವಳು ಹೇಳಬೇಕು. ಇಷ್ಟು ಆಗದೆ ಕತೆ ದಿಣ್ಣೆ ದಾಟಬಾರದು. ಕೇಳುವುದು ಪಡೆಯುವವರ ಕೆಲಸ. ಇದನ್ನು ನೆನಪಿಡಿ.

ನಮ್ಮ ಅವ್ವ ಸಣ್ಣೆಂಕವ್ವನಿಗೆ ‘ಮೂರನೆಯ ಒಲೆ’ ಎಂದರೆ ಜೀವ. ನಿಮ್ಮವರೇ ಮಾಡಿದ್ದು, ನಿಮಗೆ ಗೊತ್ತಿರಬಹುದು. ಇಬ್ಬರು ವಾರಗಿತ್ತಿಯರಿಗೆ ಎರಡು ಒಲೆ ಇರುವ ಮನೆಯಲ್ಲಿ ಗಂಡ ಸತ್ತ ಗಿರಿಜಕ್ಕ ತನಗೂ ಒಂದು ಒಲೆ ಬೇಕು ಎನ್ನುತ್ತಾಳೆ, ಅಷ್ಟೇ ಕತೆ. ಅಷ್ಟಕ್ಕೇ ಅದು ವರ್ಷಗಟ್ಟಲೆ ನಡೆಯಿತು. ಆ ವರ್ಷಗಳಲ್ಲಿ ನಮ್ಮ ಗುಳಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಗಿರಿಜೆಯರೇ. ಒಬ್ಬಳನ್ನು ಕರೆದರೆ ಒಂದು ಹಿಂಡು ಬರುತ್ತದೆ. ಅವ್ವನಿಗೆ ಮೊಣಕಾಲು ಹೋಗಿ ಮಂಚ ಹಿಡಿದ ಮೇಲೂ ನಾವು ಮಂಚವನ್ನು ಗೋಡೆಗೆ ಎದುರಾಗಿ ಹಾಕಿದ್ದೆವು. ಗಿರಿಜಕ್ಕ ಒಲೆ ಹಚ್ಚುವುದನ್ನು ನೋಡಿಯೇ ಸಾಯುತ್ತೇನೆ ಎಂದು ಯಮನಿಗೇ ಹೇಳಿ ಕೂರಿಸಿದ್ದಳು.

ಪಡುವಲಗುಳಿಯ ಗಾಳೆಪ್ಪ ಎರಡೂ ಗುಳಿಗಳಿಗೆ ನೀರು ಬಿಡುವವನು. ಅವರ ಗುಳಿಯಲ್ಲಿ ಆ ಕತೆ ಆಗಲೇ ಮುಗಿದಿತ್ತು. ಅವನದೊಂದು ಹೊಲಸು ಚಾಳಿ. ಯಾವ ಕತೆ ಬಂದರೂ ಗೋಡೆಯವಳ ಕಣ್ಣು ತಪ್ಪಿಸಿ ಮೊದಲು ಅದರ ಕೊನೆ ನೋಡಿಬಿಡುತ್ತಾನೆ. ಆಮೇಲೆ ಎಲ್ಲರೂ ಅಳುವಾಗ ತಾನೊಬ್ಬ ಹಲ್ಲು ಕಿರಿಯುತ್ತಾ ಕೂರುತ್ತಾನೆ. ನಾವು ಕೊನೆಯ ಕಂತು ನೋಡುವ ದಿನ ಬೆಳಿಗ್ಗೆ ಅವನು ನಮ್ಮ ನೀರಿನ ತೊಟ್ಟಿಯ ಹತ್ತಿರ ತನ್ನ ಮನೆಗೆಂದು ಕೊಡದ ಮೇಲೆ ಕೊಡ ತುಂಬಿಸಿಕೊಳ್ಳುತ್ತಿದ್ದ. ಮಂಚದ ಮೇಲಿಂದಲೇ ಅವ್ವ, ‘ಗಾಳೆಪ್ಪಾ, ನಿಮ್ಮನಿ ಕೊಡಕ್ಕ ತಳಾ ಇಲ್ಲೇನೋ?’ ಎಂದಳು. ಹೆಂಗಸರು ನಕ್ಕರು. ಅಷ್ಟೇ ಆದದ್ದು.

ಸಂಜೆ ನಾವೆಲ್ಲ ಕೈಕಾಲು ತೊಳೆದು, ಕೆಲವರು ಹೊಸ ಸೀರೆ ಉಟ್ಟು, ಗೋಡೆಯ ಮುಂದೆ ಕೂತಾಗ ಗಾಳೆಪ್ಪ ದಿಣ್ಣೆಯ ಮೇಲೆ ಬಂದು ನಿಂತ. ನೀರು ಬಿಟ್ಟಿದೆ ಎಂದು ಸಾರುವ ಅದೇ ಗಂಟಲಿನಲ್ಲಿ ಹೇಳಿದ: ‘ಸಣ್ಣೆಂಕವ್ವಾ, ಕಾಯಬ್ಯಾಡ. ಗಿರಿಜಕ್ಕ ಸಾಯ್ತಾಳ. ಮೂರನೇ ಒಲಿ ಹಚ್ಚಂಗಿಲ್ಲ.’

ಗುಳಿಯಲ್ಲಿ ಆಡಿದ ಮಾತು ಬಂಡೆಗೆ ಬಡಿದು ಇನ್ನೊಮ್ಮೆ ಕೇಳುತ್ತದೆ. ಅದೂ ಕೇಳಿತು. ನಾನು ಕತೆ ಬಿಡಲು ಹೋದೆ. ಅವ್ವ ತಡೆದಳು. ‘ಗೊತ್ತಾದ ಮ್ಯಾಲೆ ನೋಡಾದೇನೈತಿ? ಮಂಚ ತಿರುವ್ರಿ,’ ಎಂದಳು. ಗೋಡೆಗೆ ಬೆನ್ನು ಮಾಡಿ ಮಲಗಿದಳು. ಗಿರಿಜಕ್ಕ ಸತ್ತದ್ದು ಅವಳ ಬೆನ್ನ ಹಿಂದೆ. ಎಲ್ಲರೂ ಅತ್ತರು, ಅವ್ವ ಅಳಲಿಲ್ಲ. ಅಳುವ ಹಕ್ಕನ್ನೂ ಅವನು ಕಸಿದುಕೊಂಡಿದ್ದ. ಆ ಸಂಜೆಯೇ ನಾನು ತೀರ್ಮಾನ ಮಾಡಿದೆ: ಇವನಿಗೆ ನೀರಿನಿಂದ ಅಲ್ಲ, ಕೋಲಿನಿಂದ ಅಲ್ಲ, ಕತೆಯಿಂದಲೇ ಹೊಡೆಯಬೇಕು.

ಬರಿಗೋಡೆ ಮುಗಿದ ಮೇಲೆ ಹೊಸ ಕತೆ ಹುಡುಕತೊಡಗಿದೆ. ಇಷ್ಟಪಟ್ಟ ಧಾರಾವಾಹಿ ಮುಗಿದ ಮೇಲೆ ಇನ್ನೊಂದು ಹುಡುಕುವುದು ಎಂಥ ಕಷ್ಟ ಎಂದು ನಿಮಗೂ ಗೊತ್ತಿರಬೇಕು. ಒಂದನ್ನು ಬಿಟ್ಟೆ, ಅದರಲ್ಲಿ ಎಲ್ಲರೂ ಶ್ರೀಮಂತರು, ಯಾರೂ ಊಟ ಮಾಡುವುದಿಲ್ಲ. ಅಡುಗೆಮನೆ ಇಲ್ಲದ ಮನೆಯನ್ನು ನಾವೇಕೆ ನೋಡಬೇಕು ಎಂದು ಜನ ಎದ್ದು ಹೋದರು. ಇನ್ನೊಂದರಲ್ಲಿ ನಾಯಕಿ ಮಲಗುವಾಗಲೂ ರೇಷ್ಮೆ ಸೀರೆ, ಒಡವೆ. ಅವಳು ಸೌಟು ಹಿಡಿದದ್ದನ್ನು ನೋಡಿ, ಇದು ಕಸಬರಿಗೆ ಹಿಡಿಯುವ ರೀತಿ ಎಂದು ಮುದುಕಿಯರು ತೀರ್ಪು ಕೊಟ್ಟರು. ಪೊಲೀಸರದ್ದು ಒಂದು ಬಂತು, ಬರೀ ಓಟ. ಏನು ಬಿಟ್ಟರೂ ಜನ ಅದರಲ್ಲಿ ಗಿರಿಜಕ್ಕನನ್ನು ಹುಡುಕುತ್ತಿದ್ದರು, ಸಿಗಲಿಲ್ಲವೆಂದು ಬಡಪಾಯಿ ಹೊಸಬಳನ್ನು ಬೈಯುತ್ತಿದ್ದರು. ಅವ್ವ ಮಾತ್ರ ಯಾವುದಕ್ಕೂ ಮುಖ ತಿರುಗಿಸಲಿಲ್ಲ. ಸತ್ತವರ ಮನೆಯಲ್ಲಿ ಇಷ್ಟು ಬೇಗ ಮದುವೆ ಮಾತೇ ಎಂಬಂತೆ ಮಲಗಿರುತ್ತಿದ್ದಳು.

ಆ ಹುಡುಕಾಟದಲ್ಲಿ ನನ್ನ ಕೈಗೆ ಸಿಕ್ಕಿದ್ದು ನಿಮ್ಮ ‘ಕಿರುಬಾಗಿಲ ಮನೆ’. ಸೊಸೆ ಸುಗಂಧಿ, ಹಿತ್ತಲಿನ ಗೋಡೆಯಲ್ಲಿ ಅತ್ತೆ ಮೊಳೆ ಹೊಡೆದು ಮುಚ್ಚಿಸಿದ ಪುಟ್ಟ ಬಾಗಿಲು, ಎಳೆಯ ಮಗುವನ್ನು ಬಿಟ್ಟು ಹೋದ ಸುಗಂಧಿಯ ತಾಯಿ, ಆ ತಾಯಿಯ ಮೇಲೆ ಅಪವಾದ ಹೊರಿಸಿ ಓಡಿಸಿದ ಆಕೆಯ ಮೈದುನ. ಎಂಥ ಚೆಂದದ ಕತೆ! ಅವಳಿಗೆ ಸೌಟು ಹಿಡಿಯಲೂ ಬರುತ್ತದೆ. ನಿಯಮದಂತೆ ತುದಿ ನೋಡಲು ಹೋದೆ. ಮೊಳೆ ಕಿತ್ತಾಗಿದೆ. ಆಚೆಯಿಂದ ಯಾರೋ ಬಾಗಿಲು ತಟ್ಟುತ್ತಾರೆ. ಸುಗಂಧಿ ಚಿಲಕಕ್ಕೆ ಕೈ ಹಾಕುತ್ತಾಳೆ, ಕಣ್ಣು ತುಂಬಿ ನಗುತ್ತಾಳೆ, ‘ಬಂದೆ’ ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಮುಂದೇನು ಎಂದು ನೋಡಿದರೆ, ನಾಳೆಯಿಂದ ಇದೇ ಹೊತ್ತಿಗೆ ಅಡುಗೆ ಸ್ಪರ್ಧೆ ಎಂದು ಒಬ್ಬ ಟೋಪಿಯವನು ಕುಣಿಯುತ್ತಾನೆ. ಕತೆಗಳನ್ನಿಟ್ಟ ಎಲ್ಲ ಪೆಟ್ಟಿಗೆಗಳನ್ನೂ ಜಾಲಾಡಿದೆ. ತುದಿ ಇಲ್ಲ. ನೀವು ಮಾಡಲೇ ಇಲ್ಲ.

ಇದನ್ನು ನಮ್ಮ ಗೋಡೆಗೆ ಏರಿಸುವಂತಿರಲಿಲ್ಲ. ಆದರೆ ಗಾಳೆಪ್ಪನಿಗೆಂದೇ ಹೇಳಿ ಮಾಡಿಸಿದಂತಿತ್ತು. ಅವರ ಗುಳಿಯಲ್ಲಿ ಗೋಡೆಯ ಮುದುಕಿ ತೀರಿಹೋಗಿ ಆ ಕೆಲಸವನ್ನೂ ಅವನೇ ಕಸಿದುಕೊಂಡಿದ್ದ. ಒಳ್ಳೆಯದೊಂದು ಸಿಕ್ಕಿದೆ, ಆದರೆ ಇನ್ನೂ ಯಾರಿಗೂ ಕೊಡುವುದಿಲ್ಲ ಎಂದು ತೊಟ್ಟಿಯ ಹತ್ತಿರ ಅವನ ಹೆಂಡತಿಯ ಕಿವಿಗೆ ಬೀಳುವಂತೆ ಹೇಳಿದೆ. ಮರುದಿನವೇ ಬಂದ. ತುದಿ ಇದೆಯೇ ಎಂದು ಕೇಳಲಿಲ್ಲ. ಕದ್ದು ನೋಡುವವನು ಏಕೆ ಕೇಳುತ್ತಾನೆ? ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕತೆ ದಿಣ್ಣೆ ದಾಟಿತು. ಅವನು ಎಂದಿನಂತೆ ಕೊನೆ ನೋಡಿದ, ಚಿಲಕದ ಮೇಲಿನ ಕೈ ನೋಡಿದ, ನಗು ನೋಡಿದ, ಸುಖಾಂತ್ಯ ಎಂದುಕೊಂಡ. ಕೊನೆ ಬಹಳ ಚೆನ್ನಾಗಿದೆ, ಧೈರ್ಯವಾಗಿ ನೋಡಿ ಎಂದು ತನ್ನ ಗುಳಿಗೆಲ್ಲ ಹೊಣೆ ನಿಂತ.

ಅವರು ನೋಡಿದರು, ಸುಗಂಧಿಗೆ ಮನಸ್ಸು ಕೊಟ್ಟರು, ಬಾಗಿಲಿಗೆ ಬಂದು ನಿಂತರು. ಕತೆ ನಿಂತಿತು. ಆ ಸಂಜೆ ಪಡುವಲಗುಳಿಯಿಂದ ಬಂದ ಗದ್ದಲ ಕೇಳುತ್ತಾ ನಾನು ರೊಟ್ಟಿ ತಟ್ಟಿದೆ. ಅಷ್ಟು ತೆಳ್ಳಗಿನ ರೊಟ್ಟಿ ಅದಕ್ಕೂ ಮೊದಲು ತಟ್ಟಿರಲಿಲ್ಲ. ಅಂದಿನಿಂದ ಅವರಲ್ಲಿ ಯಾರೂ ಅವನ ಜೊತೆ ಮಾತಾಡುವುದಿಲ್ಲ. ಹೆಂಡತಿ ಅವನ ಹಾಸಿಗೆಯನ್ನು ಮನೆಯ ಹೊರಗೆ ಇಟ್ಟಳು. ಬೇರೆ ಕತೆ ಬಿಡಲು ಹೋದರೆ ಜನ ಕೂರುವುದಿಲ್ಲ. ಮೊದಲು ಆ ಬಾಗಿಲು ತೆಗೆಸು ಎನ್ನುತ್ತಾರೆ.

ಅವನು ನಮ್ಮ ಮೆಟ್ಟಿಲು ಇಳಿದು ಬಂದ. ಇಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ‘ಹುಲಿಗೆವ್ವಕ್ಕಾ, ನೀ ತುದಿ ಕಂಡಾಕಿ. ಬಾಗಲಾ ಬಡಿದಾವ್ರು ಯಾರು, ತಾಯೇನು, ಮೈದುನೇನು? ಅದೊಂದು ಹೇಳಿಬಿಡು,’ ಎಂದ. ಈ ಮಾತಿಗಾಗಿ ನಾನು ಎಷ್ಟು ದಿನ ಕಾದಿದ್ದೆ! ರೊಟ್ಟಿಹಿಟ್ಟಿನ ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದೆ: ‘ಗೊತ್ತಾದ ಮ್ಯಾಲೆ ನೋಡಾದೇನೈತಿ, ಗಾಳೆಪ್ಪಾ?’

ಆಗ ಮಂಚದಿಂದ ಅವ್ವನ ದನಿ ಬಂತು. ‘ಅವಂಗ ಹೇಳಬ್ಯಾಡಬೇ. ನನಗ ಹೇಳು. ಅದು ಅವ್ವನ ಕೈ ಹೌದಲ್ಲ? ಅಷ್ಟು ಮೆತ್ತಗ ಬಡಿತಾರ ಅಂದ್ರ ಅವ್ವನ ಇರಬೇಕು.’

ನಮ್ಮ ಗೋಡೆಗೆ ಬೆನ್ನು ಮಾಡಿದ ಮಂಚ ಯಾವ ಕಡೆ ತಿರುಗಿದೆ ಎಂದು ನಾನು ಯೋಚಿಸಿರಲಿಲ್ಲ. ಅದು ದಿಣ್ಣೆಯ ಕಡೆ ತಿರುಗಿತ್ತು. ಪಡುವಲಗುಳಿಯ ಕತೆ ಪ್ರತಿ ಸಂಜೆ ದಿಣ್ಣೆಯ ಸಂದಿನಿಂದ ಅವಳ ಕಿವಿಗೆ ಬೀಳುತ್ತಿತ್ತು. ಮುಖ ನೋಡದೆ, ದನಿ ಕೇಳಿಯೇ ಅವಳು ಸುಗಂಧಿಯನ್ನು ಮನೆಮಗಳು ಮಾಡಿಕೊಂಡಿದ್ದಳು. ತುದಿ ಇಲ್ಲ ಎಂದು ನಾನು ಹೇಳಿದಾಗ ಅವಳು ನಂಬಲಿಲ್ಲ. ‘ಬಂದೆ ಅಂದಾಕಿ ಬರದಽ ಇರ್ತಾಳೇನು?’ ಎಂದಳು. ಈಗ ಊಟ ಕಡಿಮೆಯಾಗಿದೆ. ಯಮನನ್ನು ಮತ್ತೆ ಕೂರಿಸಿದ್ದಾಳೆ, ಆದರೆ ಈ ಸಲ ಅವನು ಹೆಚ್ಚು ದಿನ ಕೂರುವ ಹಾಗೆ ಕಾಣುವುದಿಲ್ಲ.

ಗಾಳೆಪ್ಪನಿಗೆ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವ್ವನ ಬೆನ್ನಿಗೆ ಎರಡನೆಯ ಸಲ ಇರಿದವರು ನೀವು. ಅದಕ್ಕೇ ಈ ಕಾಗದ. ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಅದರಲ್ಲಿ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ, ಮರಳಿ ಏನೂ ಬರುವುದಿಲ್ಲ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ. ಜನ ಅದನ್ನು ಕೆರೆ ಮುಚ್ಚಬೇಡಿ, ಗುಡ್ಡ ಒಡೆಯಬೇಡಿ ಎಂದು ನಿಮಗೆ ಬರೆಯಲು ಬಳಸುತ್ತಾರೆ. ನೀನೂ ನೀರಿನ ಬಗ್ಗೆ ಬರೆಯಬಾರದೇ ಎಂದು ನನಗೂ ಬುದ್ಧಿ ಹೇಳಿದರು. ಆ ಕಾಗದಗಳು ನಿಮಗೆ ಮೂಟೆಗಟ್ಟಲೆ ಬಂದಿವೆ, ನೀವು ಏನು ಮಾಡಿದಿರಿ ಎಂದು ನಮಗೆ ಗೊತ್ತಿದೆ. ನಾನು ದೊಡ್ಡದೇನನ್ನೂ ಕೇಳುವುದಿಲ್ಲ. ಒಂದು ಬಾಗಿಲು ತೆರೆಯಿರಿ.

ಎರಡು ಗುಳಿಗಳ ನಡುವಿನ ದಿಣ್ಣೆಯ ಮೇಲೆ ಸಾಲಾಗಿ ತೂತು ಕೊರೆದು, ಸೀಳದೆ ಬಿಟ್ಟ ಒಂದು ದಿಮ್ಮಿಕಲ್ಲು ಇದೆ. ನಿಮ್ಮ ಕಾಲದಲ್ಲೂ ಇದೆ, ಇಂದೂ ಅಲ್ಲೇ ಇದೆ. ಕೊನೆಯ ಕಂತು ಮಾಡಿ ಅದರ ಕೆಳಗೆ ಹೂತಿಡಿ. ನಟಿಗೆ ವಯಸ್ಸಾಗಿದ್ದರೂ ಚಿಂತೆಯಿಲ್ಲ, ಬಾಗಿಲು ತಟ್ಟಿದವರು ಯಾರು ಎಂದು ಅವಳ ದನಿಯಲ್ಲಿ ಹೇಳಿಸಿದರೂ ಸಾಕು. ಅವ್ವನಿಗೆ ದನಿಯೇ ಗುರುತು. ಅದೂ ಆಗದಿದ್ದರೆ ಕಲ್ಲಿನ ಮೇಲೆ ಕೆತ್ತಿ.

ಇಡದಿದ್ದರೆ ಏನಾಗುತ್ತದೆ ಎಂದೂ ಕೇಳಿಸಿಕೊಳ್ಳಿ. ನಾನು ಬಾಯಿಕತೆ ಕೇಳಿ ಬೆಳೆದವಳು. ನಿಮ್ಮ ಕತೆಯನ್ನು ನಾನೇ ಮುಗಿಸುತ್ತೇನೆ. ನನ್ನ ಕತೆಯಲ್ಲಿ ಬಾಗಿಲು ತಟ್ಟುವವನು ತಾಯಿಯಲ್ಲ, ಮೈದುನನಲ್ಲ. ಧಾರಾವಾಹಿ ನಿಲ್ಲಿಸಿದವನು. ನಾವು ಹೆಸರು ಕಿತ್ತ ಆ ಎರಡು ತಿಂಗಳ ಬಿಸಿಲಿನಲ್ಲಿ, ಬರಿಗಾಲಿನಲ್ಲಿ, ನಾಲಿಗೆ ಒಣಗಿ ನಿಂತಿದ್ದಾನೆ, ಒಂದು ಲೋಟ ನೀರು ಕೇಳುತ್ತಿದ್ದಾನೆ. ಸುಗಂಧಿ ಚಿಲಕಕ್ಕೆ ಕೈ ಹಾಕುತ್ತಾಳೆ, ‘ಬಂದೆ’ ಎನ್ನುತ್ತಾಳೆ. ಅಲ್ಲಿಗೇ ನಿಲ್ಲಿಸುತ್ತೇನೆ. ಎರಡು ಗುಳಿಯ ಮಕ್ಕಳೂ ಆ ಕತೆಯನ್ನು ತಮ್ಮ ಮಕ್ಕಳಿಗೆ ಹೇಳುತ್ತಾರೆ. ಈ ಜನ ಇರುವವರೆಗೂ ನೀವು ಆ ಬಿಸಿಲಿನಲ್ಲೇ ನಿಂತಿರುತ್ತೀರಿ.

ಈ ಕಾಗದ ಅಂಚೆಗೆ ಬಿದ್ದೊಡನೆ ನಾನು ದಿಣ್ಣೆ ಹತ್ತುತ್ತೇನೆ. ನೀವು ಇಟ್ಟಿದ್ದರೆ ಅದು ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲೇ ಕಾಯುತ್ತಿರುತ್ತದೆ. ಆ ಕಲ್ಲು ಎತ್ತಲು ನನ್ನೊಬ್ಬಳಿಂದ ಆಗದು. ಗಾಳೆಪ್ಪನನ್ನು ಕರೆದಿದ್ದೇನೆ. ತುದಿ ಸಿಕ್ಕರೆ ಮೊದಲು ಅವ್ವನ ಮಂಚ ಗೋಡೆಯ ಕಡೆ ತಿರುಗುತ್ತದೆ. ಅವಳು ಕಣ್ಣಾರೆ ನೋಡಿ, ಅತ್ತು ಮುಗಿಸಿದ ಮೇಲೆ ಕತೆ ಪಡುವಲಗುಳಿಗೂ ಹೋಗುತ್ತದೆ. ಅವನೂ ಅಂದು ಮಿಂದು, ಮಡಿ ಉಟ್ಟು, ಹೆಂಡತಿಯ ಪಕ್ಕ ಕೂರುತ್ತಾನೆ. ಇನ್ನೇನು ಕತೆ ಬಿಡಬೇಕು ಎನ್ನುವಾಗ ನಾನು ದಿಣ್ಣೆಯ ಮೇಲೆ ನಿಂತು, ಬಾಗಿಲು ತಟ್ಟಿದವರು ಯಾರು ಎಂದು ಅವನ ಹೆಸರು ಹಿಡಿದು ಕೂಗಿ ಹೇಳುತ್ತೇನೆ.

ಇದು ಅವನಿಗೆ ಗೊತ್ತಿಲ್ಲ. ಹಾರೆ ಹಿಡಿದು ಕಲ್ಲಿನ ಪಕ್ಕ ಕಾಯುತ್ತಿದ್ದಾನೆ. ಹೋಗಿ ಬರುತ್ತೇನೆ.

ಹುಲಿಗೆವ್ವ,
ಮೂಡಲಗುಳಿಯ ಗೋಡೆಯವಳು